ರೆಕಾರ್ಡಿನ ಮೇಲೆ ಹೆಸರಿಲ್ಲದವರು: ಬ್ಲೂಸ್ ಗಿಟಾರ್ ನುಡಿಸುವವರಿಗೊಂದು ಬಹಿರಂಗ ಪತ್ರ

ಬ್ಲೂಸ್ ನುಡಿಸುವ, ನುಡಿಸಲು ಕಲಿಯುತ್ತಿರುವ ಕನ್ನಡದ ಗಿಟಾರ್ ಗೆಳೆಯ ಗೆಳತಿಯರೇ,

ಬ್ಲೂಸ್ ಎಂದ ಕೂಡಲೇ ಮೊದಲು ಹೊರಬೀಳುವುದು ಸೈತಾನನ ಕಥೆ. ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್ ಎಂಬ ತರುಣನಿಗೆ ಗಿಟಾರ್ ಒಲಿಯಲೇ ಇಲ್ಲವಂತೆ, ಒಂದು ನಡುರಾತ್ರಿ ನಾಲ್ಕು ರಸ್ತೆ ಕೂಡುವ ಜಾಗಕ್ಕೆ ಹೋದನಂತೆ, ಅಲ್ಲಿ ಸೈತಾನ ಅವನ ಗಿಟಾರನ್ನು ಶ್ರುತಿ ಮಾಡಿಕೊಟ್ಟು ಆತ್ಮವನ್ನು ಬರೆಸಿಕೊಂಡನಂತೆ. ಕ್ಲಾರ್ಕ್ಸ್‌ಡೇಲ್ ಊರಿನಲ್ಲಿ 61 ಮತ್ತು 49ನೇ ಹೆದ್ದಾರಿಗಳು ಕೂಡುವ ಜಾಗವೆಂದು ಗುರುತಿಸಿ ಕಂಬದ ಮೇಲೆ ನೀಲಿ ಗಿಟಾರ್‌ಗಳನ್ನು ನಿಲ್ಲಿಸಿದ್ದಾರೆ. ದೇಶದೇಶಗಳಿಂದ ಬಂದವರು ಅದರಡಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಥೆಯನ್ನು ಅಕ್ಷರಶಃ ನಂಬುವವರು ಯಾರೂ ಇಲ್ಲ, ಆದ್ದರಿಂದ ಅದನ್ನು ಸುಳ್ಳೆಂದು ಸಾಧಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಆ ಕಥೆ ಒಬ್ಬ ಮನುಷ್ಯನ ಜಾಗದಲ್ಲಿ ಸೈತಾನನನ್ನು ಕೂರಿಸಿದೆ. ಆ ಮನುಷ್ಯನನ್ನು ಅವನ ಜಾಗಕ್ಕೆ ಮರಳಿ ತಂದರೆ ಬ್ಲೂಸ್ ಗಿಟಾರ್ ಹೇಗೆ ಬೆಳೆಯಿತು, ಅದನ್ನು ನೀವು ಹೇಗೆ ಕಲಿಯಬೇಕು ಎಂಬ ಎರಡೂ ಪ್ರಶ್ನೆಗಳಿಗೆ ಬೇರೆಯೇ ಉತ್ತರ ಸಿಗುತ್ತದೆ.

ಜಾನ್ಸನ್‌ಗೆ ಗಿಟಾರ್ ಕಲಿಸಿದ ಅವನ ಹೆಸರು ಐಕ್ ಜಿಮ್ಮರ್‌ಮನ್. ಜಾನ್ಸನ್ ಹುಟ್ಟಿದ್ದು 1911ರಲ್ಲಿ, ದಕ್ಷಿಣ ಮಿಸಿಸಿಪ್ಪಿಯ ಹೇಜಲ್‌ಹರ್ಸ್ಟ್‌ನಲ್ಲಿ. ಬೆಳೆದದ್ದು ಉತ್ತರಕ್ಕಿರುವ ಡೆಲ್ಟಾ ಎಂಬ ಸೀಮೆಯಲ್ಲಿ, ರಾಬಿನ್ಸನ್‌ವಿಲ್ ಸುತ್ತಮುತ್ತ. ಅಲ್ಲಿ ಸನ್ ಹೌಸ್ ಮತ್ತು ವಿಲ್ಲಿ ಬ್ರೌನ್ ಎಂಬ ಹಿರಿಯ ಗಿಟಾರಿಗರು ನುಡಿಸುತ್ತಿದ್ದಾಗ ಈ ಹುಡುಗ ನಡುವೆ ಬಿಡುವಿನಲ್ಲಿ ಅವರ ಗಿಟಾರ್ ಎತ್ತಿಕೊಂಡು ಕೇಳುವವರ ಕಿವಿ ಕೊರೆಯುತ್ತಿದ್ದ ಎಂದು ಸನ್ ಹೌಸ್ ಮುಂದೆ ನೆನೆಸಿಕೊಂಡಿದ್ದಾನೆ. ಹುಡುಗ ಊರು ಬಿಟ್ಟ. ಕೆಲಕಾಲದ ನಂತರ ಮರಳಿ ಬಂದು ನುಡಿಸಿದಾಗ ಹಿರಿಯರಿಬ್ಬರೂ ಬೆರಗಾದರು. ಸೈತಾನನ ಕಥೆ ಕೂತಿರುವುದು ಈ ನಡುವಣ ಕಾಲದಲ್ಲಿ. ಆಗ ಜಾನ್ಸನ್ ನಿಜವಾಗಿ ಇದ್ದದ್ದು ಹೇಜಲ್‌ಹರ್ಸ್ಟ್‌ಗೆ ಹತ್ತಿರದ ಬ್ಯೂರೆಗಾರ್ಡ್‌ನಲ್ಲಿ, ಜಿಮ್ಮರ್‌ಮನ್ ಮನೆಯಲ್ಲಿ, ಹೆಚ್ಚುಕಡಿಮೆ ಮನೆಮಗನಂತೆ. ಸಂಶೋಧಕ ಬ್ರೂಸ್ ಕಾನ್‌ಫೋರ್ತ್ ಆ ಕುಟುಂಬದವರನ್ನು ಹುಡುಕಿ ಮಾತನಾಡಿಸಿ ಇದನ್ನು ದಾಖಲಿಸಿದ. 2019ರಲ್ಲಿ ಗೇಲ್ ಡೀನ್ ವಾರ್ಡ್‌ಲೋ ಜೊತೆ ಸೇರಿ ಬರೆದ ಜಾನ್ಸನ್ ಜೀವನಚರಿತ್ರೆಯಲ್ಲಿ ವಿವರಗಳೆಲ್ಲ ಇವೆ. ಜಿಮ್ಮರ್‌ಮನ್, ಜಾನ್ಸನ್ ಇಬ್ಬರೂ ರಾತ್ರಿ ಹೊತ್ತು ಸ್ಮಶಾನಕ್ಕೆ ಹೋಗಿ ಗೋರಿಕಲ್ಲುಗಳ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದದ್ದು ನಿಜ. ಕಾರಣ ಸರಳವಾದದ್ದು: ಅಲ್ಲಿ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ. ಇನ್ನೊಂದು ವಿಷಯ. ಕೂಡುರಸ್ತೆಯ ಕಥೆ ಮೊದಲು ಅಂಟಿಕೊಂಡಿದ್ದು ಟಾಮಿ ಜಾನ್ಸನ್ ಎಂಬ ಬೇರೊಬ್ಬ ಗಾಯಕನಿಗೆ, ಹೇಳಿದವನು ಅವನ ಅಣ್ಣ ಲೆಡೆಲ್. ಟಾಮಿಗೆ ಗಿಟಾರಿನ ಮೊದಲ ಪಾಠ ಹೇಳಿಕೊಟ್ಟವನೂ ಅದೇ ಲೆಡೆಲ್. ಕಥೆಯಲ್ಲಿ ಸೈತಾನ ಉಳಿದ, ಪಾಠ ಹೇಳಿದ ಅಣ್ಣ ಹೊರಗಾದ.

ಹೀಗೇಕಾಯಿತು? ಜನರಿಗೆ ಪವಾಡದ ಮೇಲಿರುವ ಆಸೆ ಒಂದು ಕಾರಣ, ಆದರೆ ಅದಕ್ಕಿಂತ ದೊಡ್ಡ ಕಾರಣ ಬ್ಲೂಸ್ ಚರಿತ್ರೆಗೆ ಸಿಕ್ಕ ಸಾಕ್ಷಿಯಲ್ಲೇ ಇದೆ. ಆ ಚರಿತ್ರೆಯನ್ನು ಬಹುಪಾಲು ಕಟ್ಟಿದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಗಳಿಂದ. ಒಂದು ಬದಿಗೆ ಮೂರು ನಿಮಿಷ, ಲೇಬಲ್ಲಿನ ಮೇಲೆ ಒಂದು ಹೆಸರು. 1936ರ ನವೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೊದ ಹೋಟೆಲ್ ಕೋಣೆಯಲ್ಲೂ 1937ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲೂ ಜಾನ್ಸನ್ ರೆಕಾರ್ಡ್ ಮಾಡಿದ 29 ಹಾಡುಗಳಲ್ಲಿ ಕೇಳುವುದು ಒಂದೇ ದನಿ, ಒಂದೇ ಗಿಟಾರ್. ಜಿಮ್ಮರ್‌ಮನ್ ಒಂದು ರೆಕಾರ್ಡನ್ನೂ ಮಾಡಲಿಲ್ಲ. ತಟ್ಟೆಗಳನ್ನು ಮಾತ್ರ ಮುಂದಿಟ್ಟುಕೊಂಡು ಕೂತವನಿಗೆ ಪ್ರತಿಯೊಬ್ಬ ಕಲಾವಿದನೂ ಶೂನ್ಯದಿಂದ ಎದ್ದು ಬಂದ ಒಂಟಿ ಮನುಷ್ಯನಾಗಿ ಕಾಣುವುದು ಸಹಜ. ಕಂಪನಿ ಒಬ್ಬನಿಗೆ ದುಡ್ಡು ಕೊಡಲು ಇಷ್ಟಪಟ್ಟಿತು ಎಂಬುದನ್ನೇ ನಾವು ಆ ಕಲೆಯ ಸ್ವಭಾವವೆಂದು ಓದಿಬಿಟ್ಟೆವು.

ತಟ್ಟೆಯಿಂದ ಹೊರಗೆ, ಶನಿವಾರ ರಾತ್ರಿಯ ಕುಡಿತ ಕುಣಿತದ ಮನೆಗಳಾದ ಜೂಕ್ ಜಾಯಿಂಟ್‌ಗಳಲ್ಲಿ, ನಡೆಯುತ್ತಿದ್ದದ್ದು ಬೇರೆ. ಮೈಕಿಲ್ಲ, ಆಂಪ್ಲಿಫೈಯರ್ ಇಲ್ಲ, ಹಲಗೆಯ ನೆಲದ ಮೇಲೆ ಬೆಳಗಿನ ತನಕ ಕುಣಿಯುವ ಜನ. ಒಬ್ಬನ ಗಿಟಾರ್ ಆ ಗದ್ದಲದಲ್ಲಿ ಕೇಳುವುದಿಲ್ಲ, ಒಬ್ಬನ ಕೈ ಅಷ್ಟು ಹೊತ್ತು ತಡೆಯುವುದೂ ಇಲ್ಲ. ಹಾಗಾಗಿ ಇಬ್ಬರು ಬೇಕಿತ್ತು: ಹಾಡಿ ಮುಂದೆ ನಡೆಸುವವನೊಬ್ಬ, ಕೆಳಗಿನ ತಂತಿಗಳಲ್ಲಿ ಲಯ ಹಿಡಿದು ಅವನನ್ನು ಹೊತ್ತುಕೊಳ್ಳುವ ಪಕ್ಕದವನೊಬ್ಬ. ಡಾಕರಿ ತೋಟದ ಸುತ್ತ ಹೆಸರು ಮಾಡಿದ ಚಾರ್ಲಿ ಪ್ಯಾಟನ್‌ಗೆ ವಿಲ್ಲಿ ಬ್ರೌನ್ ಹಾಗೆ ಪಕ್ಕದವನಾಗಿದ್ದ, ಆಮೇಲೆ ಸನ್ ಹೌಸ್‌ಗೂ ಆದ. 1930ರಲ್ಲಿ ಪ್ಯಾರಾಮೌಂಟ್ ಕಂಪನಿ ಪ್ಯಾಟನ್‌ನನ್ನು ರೆಕಾರ್ಡಿಂಗ್‌ಗೆ ಕರೆಸಿಕೊಂಡಾಗ ಅವನು ಒಬ್ಬನೇ ಹೋಗಲಿಲ್ಲ. ಆಗಷ್ಟೇ ಪರಿಚಯವಾಗಿದ್ದ ಸನ್ ಹೌಸ್, ಹಳೆಯ ಜೊತೆಗಾರ ಬ್ರೌನ್, ಪಿಯಾನೊ ನುಡಿಸುವ ಲೂಯಿಸ್ ಜಾನ್ಸನ್ ಎಂಬ ಹೆಣ್ಣುಮಗಳು, ಎಲ್ಲರೂ ಒಂದೇ ಕಾರಿನಲ್ಲಿ ವಿಸ್ಕಾನ್ಸಿನ್‌ನ ಗ್ರಾಫ್ಟನ್ ಊರಿಗೆ ಪ್ರಯಾಣ ಮಾಡಿದರು. ಪ್ಯಾಟನ್ ಅಂದಿಗೆ ಡೆಲ್ಟಾದ ದೊಡ್ಡ ಹೆಸರು. ತನಗೆ ಪ್ರತಿಸ್ಪರ್ಧಿಯಾಗಬಲ್ಲವನನ್ನು ತಾನೇ ಕಂಪನಿಯ ಬಾಗಿಲಿಗೆ ತಂದು ನಿಲ್ಲಿಸಿದ. ಸನ್ ಹೌಸ್‌ನ ಮೊದಲ ರೆಕಾರ್ಡುಗಳು ನಮಗೆ ಉಳಿದಿರುವುದು ಆ ಪ್ರಯಾಣದಿಂದ.

ಇಲ್ಲಿಂದ ಹೆದ್ದಾರಿಯ ಮಾತಿಗೆ ಬರುತ್ತೇನೆ. ಅಮೆರಿಕದ ಹೆದ್ದಾರಿಗಳಿಗೆ ಸಂಖ್ಯೆ ಬಿದ್ದದ್ದು 1926ರಲ್ಲಿ. 61 ನ್ಯೂ ಆರ್ಲಿಯನ್ಸ್‌ನಿಂದ ಹೊರಟು ಮಿಸಿಸಿಪ್ಪಿ ನದಿಯ ಗುಂಟ ಡೆಲ್ಟಾ, ಮೆಂಫಿಸ್, ಸೇಂಟ್ ಲೂಯಿಸ್ ದಾಟಿ ಮಿನೆಸೋಟಕ್ಕೆ ಹೋಗುತ್ತದೆ; ಈಗಿನ ಉದ್ದ ಸುಮಾರು 2,250 ಕಿ.ಮೀ. ಅದನ್ನು ಕೊಂಡಾಡುವ ಲೇಖನಗಳಿಗೆ ಕೊರತೆಯಿಲ್ಲ. ನೀವು ಗಮನಿಸಬೇಕಾದದ್ದು, ಆ ರಸ್ತೆ ಕರಿಯ ಸಂಗೀತಗಾರನಿಗೆ ಸ್ವಾತಂತ್ರ್ಯದ ಜೊತೆಗೆ ಅಪಾಯವನ್ನೂ ತಂದೊಡ್ಡಿತ್ತು. ಹತ್ತಿ ಕೀಳುವ ಕಾಲದಲ್ಲಿ ಹೊಲದಲ್ಲಿರದೆ ರಸ್ತೆಯಲ್ಲಿ ಕಂಡವನನ್ನು ಪೋಲಿ ತಿರುಗುತ್ತಾನೆಂದು ಹಿಡಿದು ಕೆಲಸಕ್ಕೆ ಹಚ್ಚುವ ಕಾನೂನಿತ್ತು. ಗಿಟಾರಿಗ ಹನಿಬಾಯ್ ಎಡ್ವರ್ಡ್ಸ್ ತನ್ನ ಆತ್ಮಕಥೆಯಲ್ಲಿ ಆ ಭಯವನ್ನು ವಿವರವಾಗಿ ಹೇಳಿಕೊಂಡಿದ್ದಾನೆ. ಹದಿನೇಳರ ಹುಡುಗ ಅವನು, ಬಿಗ್ ಜೋ ವಿಲಿಯಮ್ಸ್ ಎಂಬ ಅಲೆಮಾರಿ ಗಿಟಾರಿಗನ ಹಿಂದೆ ಮನೆ ಬಿಟ್ಟು ಹೊರಟ. ಯಾವ ಊರಲ್ಲಿ ಯಾವ ವಾರ ಸಂಬಳದ ದಿನ, ಎಲ್ಲಿ ಪೊಲೀಸರ ಕಣ್ಣಿಗೆ ಬೀಳಬಾರದು, ಯಾರ ಮನೆಯಲ್ಲಿ ಮಲಗಲು ಜಾಗ ಸಿಗುತ್ತದೆ ಎಂಬುದನ್ನೆಲ್ಲ ಕಾರ್ಡ್‌ಗಳ ಜೊತೆಗೇ ಕಲಿತ. ಹೋಟೆಲುಗಳು ಬಿಳಿಯರಿಗೆ ಮಾತ್ರ. ಕರಿಯರಿಗೆ ತಂಗಲು ಸಿಗುತ್ತಿದ್ದ ಜಾಗಗಳು ಎಂಥವು ಎಂಬುದಕ್ಕೆ ಕ್ಲಾರ್ಕ್ಸ್‌ಡೇಲ್‌ನ ರಿವರ್‌ಸೈಡ್ ಹೋಟೆಲ್ ಸಾಕ್ಷಿ. ಅದು ಮೊದಲು ಕರಿಯರ ಆಸ್ಪತ್ರೆ. 1937ರಲ್ಲಿ 61ನೇ ಹೆದ್ದಾರಿಯಲ್ಲಿ ಕಾರು ಅಪಘಾತವಾಗಿ ಗಾಯಕಿ ಬೆಸ್ಸಿ ಸ್ಮಿತ್ ಕೊನೆಯುಸಿರೆಳೆದದ್ದು ಅಲ್ಲೇ. 1944ರಲ್ಲಿ ಅದು ಹೋಟೆಲಾಗಿ ಸಂಗೀತಗಾರರ ಬಿಡಾರವಾಯಿತು. ಅಂಥ ಜಾಗ ಇಲ್ಲದ ಊರಿನಲ್ಲಿ ಗೆಳೆಯನ ಮನೆಯೇ ಗತಿ. ಬ್ಲೂಸ್ ಗಿಟಾರಿಗರ ಸ್ನೇಹವನ್ನು ಅವರ ಒಳ್ಳೆಯತನದ ಗುರುತಾಗಿ ನಾನು ಮೆಚ್ಚಿ ಬರೆಯುತ್ತಿಲ್ಲ. ಅದಿಲ್ಲದಿದ್ದರೆ ಅವರ ಊಟ, ನಿದ್ದೆ, ವಿದ್ಯೆ ಮೂರೂ ನಡೆಯುತ್ತಿರಲಿಲ್ಲ.

ಬ್ಲೂಸ್ ಉತ್ತರಕ್ಕೆ ಹೋದದ್ದು ರೈಲಿನಲ್ಲಿ, ರಸ್ತೆಯದ್ದು ಪ್ರವಾಸೋದ್ಯಮದವರ ಮಾತು ಎಂದು ಕೆಲವರು ಆಕ್ಷೇಪಿಸುತ್ತಾರೆ. ಅದರಲ್ಲಿ ಹುರುಳಿದೆ. ದಕ್ಷಿಣ ಬಿಟ್ಟು ಹೋದ ಸುಮಾರು 60 ಲಕ್ಷ ಕರಿಯರಲ್ಲಿ ಮಿಸಿಸಿಪ್ಪಿಯ ಬಹಳ ಮಂದಿ ಇಲಿನಾಯ್ ಸೆಂಟ್ರಲ್ ರೈಲು ಹತ್ತಿದವರು. 1943ರಲ್ಲಿ ಗಿಟಾರಿಗ ಮಡ್ಡಿ ವಾಟರ್ಸ್ ಶಿಕಾಗೊಗೆ ಹೋದದ್ದೂ ರೈಲಿನಲ್ಲೇ. ಆದರೆ ರೈಲು ಸಂಗೀತವನ್ನು ದೂರಕ್ಕೆ ಸಾಗಿಸಿತು. ಒಂದು ತೋಟದಿಂದ ಪಕ್ಕದ ತೋಟಕ್ಕೆ, ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ ಗಿಟಾರ್ ಹೆಗಲಿಗೇರಿಸಿ ನಡೆದು ಒಬ್ಬರನ್ನೊಬ್ಬರು ಕಂಡುಕೊಂಡದ್ದು ರಸ್ತೆಯಲ್ಲಿ. ಅಂದಹಾಗೆ ಹೇಜಲ್‌ಹರ್ಸ್ಟ್, ಬ್ಯೂರೆಗಾರ್ಡ್ ಎರಡೂ 51ನೇ ಹೆದ್ದಾರಿಯ ಊರುಗಳು. ಜನ ಫೋಟೊ ತೆಗೆಸಿಕೊಳ್ಳುವ ಕಂಬದಿಂದ ಜಾನ್ಸನ್ ನಿಜವಾಗಿ ಕಲಿತ ಜಾಗಕ್ಕೆ ಸುಮಾರು 300 ಕಿ.ಮೀ. ದೂರವಿದೆ.

ಒಂಟಿತನದ ವಾದಕ್ಕೆ ಎಲ್ಲರೂ ಮುಂದಿಡುವ ಇನ್ನೊಂದು ಉದಾಹರಣೆ ಸ್ಕಿಪ್ ಜೇಮ್ಸ್. ಬೆಂಟೋನಿಯಾ ಊರಿನವನು, 1931ರಲ್ಲಿ ಗ್ರಾಫ್ಟನ್‌ನಲ್ಲಿ ರೆಕಾರ್ಡ್ ಮಾಡಿದವನು. ಎತ್ತರದ ತೆಳು ದನಿ, ಮೈನರ್ ಸ್ವರದ ಮಬ್ಬು; ಅವನಂತೆ ಯಾರೂ ನುಡಿಸುವುದಿಲ್ಲ ಅನ್ನಿಸುತ್ತದೆ. ಸ್ವಭಾವದಲ್ಲೂ ಆತ ಬಿಗಿ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದವನು. ಆದರೆ ಆ ಮಬ್ಬಿಗೆ ಮೂಲವಾದ ಟ್ಯೂನಿಂಗ್ ಅವನಿಗೆ ಬಂದದ್ದು ಅದೇ ಊರಿನ ಗೆಳೆಯ ಹೆನ್ರಿ ಸ್ಟಕಿಯಿಂದ. ಸ್ಟಕಿ ಅದನ್ನು ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದಾಗ ಇತರ ಸೈನಿಕರಿಂದ ಕಲಿತು ಬಂದೆನೆಂದು ಹೇಳಿದ್ದಾನೆ. ನಿಮ್ಮ ಗಿಟಾರಿನಲ್ಲೇ ನೋಡಿ: ಮಾಮೂಲಿ ಇ-ಎ-ಡಿ-ಜಿ-ಬಿ-ಇ ಶ್ರುತಿಯಲ್ಲಿ ಐದನೇ ತಂತಿಯನ್ನು ಎ ಬಿಟ್ಟು ಬಿ ಗೆ, ನಾಲ್ಕನೆಯದನ್ನು ಡಿ ಬಿಟ್ಟು ಇ ಗೆ ಏರಿಸಿ. ಎಡಗೈ ಮುಟ್ಟದೆ ಆರೂ ತಂತಿ ಮೀಟಿದರೆ ಇ-ಮೈನರ್ ಕೇಳುತ್ತದೆ. ಮೂರನೇ ತಂತಿಯ ಮೊದಲ ಫ್ರೆಟ್ ಒತ್ತಿದರೆ ಮೇಜರ್, ಬೆರಳೆತ್ತಿದರೆ ಮತ್ತೆ ಮೈನರ್. ನಗುವಿಗೂ ಅಳುವಿಗೂ ನಡುವೆ ಒಂದೇ ಬೆರಳಿನ ಅಂತರ ಇರುವುದರಿಂದಲೇ ಸ್ಕಿಪ್ ಜೇಮ್ಸ್‌ನ ಹಾಡುಗಳು ಎರಡರ ನಡುವೆ ತೂಗುತ್ತಿರುತ್ತವೆ. ಇಷ್ಟು ದೊಡ್ಡ ಕೊಡುಗೆ ಕೊಟ್ಟ ಸ್ಟಕಿಯ ಹೆಸರಿನಲ್ಲೂ ಒಂದು ರೆಕಾರ್ಡಿಲ್ಲ. ಆದರೂ ಅವನ ಕೈ ಅಳಿದಿಲ್ಲ: ಬೆಂಟೋನಿಯಾದಲ್ಲಿ 1948ರಿಂದ ಇರುವ ಬ್ಲೂ ಫ್ರಂಟ್ ಕೆಫೆಯ ಜಿಮ್ಮಿ ‘ಡಕ್’ ಹೋಮ್ಸ್ ಹುಡುಗನಾಗಿ ಕಲಿತದ್ದು ಸ್ಟಕಿ ಮತ್ತು ಜ್ಯಾಕ್ ಓವೆನ್ಸ್ ಇಬ್ಬರಿಂದ.

ಶಿಕಾಗೊಗೆ ಹೋದ ಮೇಲೂ ಇದೇ ಮುಂದುವರಿಯಿತು. ಸ್ಟೇಟ್ ಸ್ಟ್ರೀಟ್‌ನಲ್ಲಿದ್ದ ಗಿಟಾರಿಗ ಟ್ಯಾಂಪಾ ರೆಡ್‌ನ ಮನೆ ದಕ್ಷಿಣದಿಂದ ಬಂದಿಳಿದವರಿಗೆ ತಾಲೀಮಿನ ಕೋಣೆ, ಊಟದ ಮನೆ, ಮಲಗುವ ಜಾಗ ಎಲ್ಲವೂ ಆಗಿತ್ತು. 1957ರಲ್ಲಿ ಲೂಸಿಯಾನದಿಂದ ಬಂದು ಕೆಲಸವಿಲ್ಲದೆ ಹಸಿದಿದ್ದ ಬಡ್ಡಿ ಗೈಗೆ ಮಡ್ಡಿ ವಾಟರ್ಸ್ ತನ್ನ ಕಾರಿನಲ್ಲಿ ಕೂರಿಸಿಕೊಂಡು ಸಲಾಮಿ ಸ್ಯಾಂಡ್‌ವಿಚ್ ತಿನ್ನಿಸಿದ್ದನ್ನು ಬಡ್ಡಿ ಗೈ ಮತ್ತೆ ಮತ್ತೆ ಹೇಳಿಕೊಂಡಿದ್ದಾನೆ. ಜಿಮ್ಮಿ ರೀಡ್‌ನ ಹಾಡುಗಳನ್ನು ನೀವೆಲ್ಲ ನುಡಿಸಿರುತ್ತೀರಿ, ಕಲಿಯುವವರಿಗೆ ಮೊದಲು ಹೇಳಿಕೊಡುವುದೇ ಆ ಶಫಲ್. ಆ ನಡಿಗೆಯನ್ನು ಹೊತ್ತ ಗಿಟಾರ್ ಅವನ ಬಾಲ್ಯದ ಗೆಳೆಯ ಎಡ್ಡಿ ಟೇಲರ್‌ನದು. ರೀಡ್‌ಗೆ ಗಿಟಾರ್ ಕಲಿಸಿದವನೂ ಅವನೇ. ರೀಡ್ ಹಾಡುವಾಗ ಸಾಲು ಮರೆಯುತ್ತಿದ್ದ, ಹೆಂಡತಿ ಪಕ್ಕದಲ್ಲಿ ಕೂತು ಕಿವಿಯಲ್ಲಿ ಉಸುರುತ್ತಿದ್ದಳು. ಕೆಲವು ರೆಕಾರ್ಡುಗಳಲ್ಲಿ ಆಕೆಯ ಪಿಸುದನಿ ಕೇಳಿಸುತ್ತದೆ. ಲೇಬಲ್ಲಿನ ಮೇಲಿನ ಒಂಟಿ ಹೆಸರಿನ ಹಿಂದೆ ಎಷ್ಟು ಜನ ಇದ್ದರು ಎಂದು ಆ ತಟ್ಟೆಗಳೇ ಹೇಳುತ್ತವೆ.

ಬ್ಲೂಸ್ ಬೆಳೆದದ್ದು ಸ್ನೇಹದಿಂದ ಎಂಬ ಈ ಮಾತಿಗೆ ಬಲವಾದ ಎದುರುವಾದಗಳಿವೆ. ಮೊದಲನೆಯದು ಪೈಪೋಟಿ. ಬೀದಿಯ ಎರಡು ಮೂಲೆಗಳಲ್ಲಿ ನಿಂತು ಒಬ್ಬರ ಗಿರಾಕಿಗಳನ್ನು ಇನ್ನೊಬ್ಬರು ಸೆಳೆಯುವುದಕ್ಕೆ ಅವರು ತಲೆ ಕಡಿಯುವುದು ಎಂದೇ ಹೆಸರಿಟ್ಟಿದ್ದರು. ಮಡ್ಡಿ ವಾಟರ್ಸ್, ಜಿಮ್ಮಿ ರೋಜರ್ಸ್, ಲಿಟ್ಲ್ ವಾಲ್ಟರ್ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗಿ ಅಲ್ಲಿನವರನ್ನು ಸೋಲಿಸಿ ಬರುತ್ತಿದ್ದರು. ಜಾನ್ಸನ್ ಅಂತೂ ತನ್ನ ಬೆರಳುಗಳನ್ನು ದಿಟ್ಟಿಸುವವರನ್ನು ಕಂಡರೆ ಬೆನ್ನು ತಿರುಗಿಸುತ್ತಿದ್ದನೆಂದು ಜೊತೆ ಅಲೆದವರೇ ಹೇಳಿದ್ದಾರೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಹೊಟ್ಟೆಪಾಡಿನ ವಿದ್ಯೆಯನ್ನು ಕಂಡಕಂಡವರಿಗೆ ಬಿಚ್ಚಿಡಲು ಯಾರಿಗೆ ಸಾಧ್ಯ? ಆದರೆ ಅದೇ ಜಾನ್ಸನ್ ಹೆಲೆನಾ ಊರಿನಲ್ಲಿ ರಾಬರ್ಟ್ ಲಾಕ್‌ವುಡ್‌ಗೆ ಎದುರಿಗೆ ಕೂತು ಎಲ್ಲವನ್ನೂ ತೋರಿಸಿಕೊಟ್ಟ. ಲಾಕ್‌ವುಡ್ ಅವನಿಗಿಂತ ನಾಲ್ಕು ವರ್ಷ ಚಿಕ್ಕವನು, ಅವನ ಪ್ರೇಯಸಿಯ ಮಗ. ಜಾನಿ ಶೈನ್ಸ್ ಎಂಬ ಇನ್ನೊಬ್ಬ ಗಿಟಾರಿಗನ ಜೊತೆ ಶಿಕಾಗೊ, ಡೆಟ್ರಾಯಿಟ್, ಕೆನಡಾವರೆಗೂ ಅಲೆದ. 1938ರಲ್ಲಿ, 27ರ ವಯಸ್ಸಿನಲ್ಲಿ, ಜಾನ್ಸನ್ ಸತ್ತಾಗ ಅವನ ಕೈಯಲ್ಲಿದ್ದದ್ದು ಈ ಇಬ್ಬರ ಕೈಗಳಲ್ಲಿ ಉಳಿಯಿತು. ಲಾಕ್‌ವುಡ್ 2006ರವರೆಗೂ ಬದುಕಿ ನುಡಿಸಿದ. ಸ್ನೇಹಕ್ಕೂ ಪೈಪೋಟಿಗೂ ಜಾಗ ಬೇರೆ ಬೇರೆ ಇತ್ತು, ಬೀದಿಯಲ್ಲಿ ಬೆನ್ನು ತಿರುಗಿಸಿದವನು ಮನೆಯಲ್ಲಿ ಮುಖ ಕೊಟ್ಟ.

ಎರಡನೆಯ ಎದುರುವಾದ ಎಲೈಜಾ ವಾಲ್ಡ್‌ನಂಥ ಬರಹಗಾರರದು: ಜಾನ್ಸನ್ ಕಲಿತದ್ದೇ ರೆಕಾರ್ಡುಗಳಿಂದ, ಅವನ ಹಾಡುಗಳಲ್ಲಿ ಲಿರಾಯ್ ಕಾರ್, ಕೋಕೊಮೊ ಆರ್ನಾಲ್ಡ್, ಲೋನಿ ಜಾನ್ಸನ್, ಅಷ್ಟೇಕೆ ಸ್ಕಿಪ್ ಜೇಮ್ಸ್ ಕೂಡ ಸ್ಪಷ್ಟವಾಗಿ ಕೇಳುತ್ತಾರೆ. ಹಾಗಿದ್ದರೆ ಇಂದು ಫೋನಿನಲ್ಲಿ ಪಾಠ ನೋಡಿ ಒಬ್ಬರೇ ಕೋಣೆಯಲ್ಲಿ ಕಲಿಯುವ ನೀವು ಮಾಡುತ್ತಿರುವುದರಲ್ಲಿ ತಪ್ಪೇನು? ತಪ್ಪಿಲ್ಲ. ರೆಕಾರ್ಡು ಹಾಡನ್ನು ಕೊಡುತ್ತದೆ, ಧಾಟಿಯನ್ನು ಕೊಡುತ್ತದೆ, ಮುನ್ನೂರು ಮೈಲಿ ದೂರದವನನ್ನು ಮನೆಗೆ ತರುತ್ತದೆ. ಆದರೆ ನೀವು ನುಡಿಸಿದ್ದನ್ನು ಅದು ಕೇಳಿಸಿಕೊಳ್ಳುವುದಿಲ್ಲ. ಹನ್ನೆರಡು ಬಾರ್, ಮೂರು ಕಾರ್ಡ್ ಎಂದು ಪಾಠಗಳಲ್ಲಿ ಬರೆದುಕೊಂಡಿರುತ್ತೀರಿ. ಜಾನ್ ಲೀ ಹೂಕರ್‌ನ ಪಕ್ಕದಲ್ಲಿ ಆ ಲೆಕ್ಕ ಇಟ್ಟುಕೊಂಡು ಕೂತವನು ಎರಡನೇ ಸಾಲಿಗೇ ದಾರಿ ತಪ್ಪುತ್ತಿದ್ದ, ಏಕೆಂದರೆ ಹಾಡಿನ ಮಾತು ಮುಗಿಯುವ ತನಕ ಹೂಕರ್ ಕಾರ್ಡ್ ಬದಲಿಸುತ್ತಿರಲಿಲ್ಲ, ಅದು ಹನ್ನೊಂದು ಬಾರ್ ಆದರೂ ಸರಿ, ಹದಿಮೂರೂವರೆ ಆದರೂ ಸರಿ. ಎಣಿಸುವುದನ್ನು ಬಿಟ್ಟು ಹಾಡುವವನ ಉಸಿರಿನ ಮೇಲೆ ಕಿವಿಯಿಡುವುದನ್ನು ಇನ್ನೊಬ್ಬ ಮನುಷ್ಯನ ಎದುರಿಗಲ್ಲದೆ ಕಲಿಯಲು ಆಗುವುದಿಲ್ಲ. ಹತ್ತಿರ ಕೂತು ಕಲಿತರೆ ನಕಲು ಆಗಿಬಿಡುತ್ತೇವೆಂಬ ಭಯ ನಿಮಗಿದ್ದರೆ ಬಿ.ಬಿ. ಕಿಂಗ್‌ನನ್ನು ನೋಡಿ. 1940ರ ದಶಕದಲ್ಲಿ ಮೆಂಫಿಸ್‌ನಲ್ಲಿ ನೆಂಟ ಬುಕ್ಕಾ ವೈಟ್‌ನ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದ. ಬುಕ್ಕಾನ ಸ್ಲೈಡ್ ಅವನಿಗೆ ಎಷ್ಟು ಪ್ರಯತ್ನಿಸಿದರೂ ಕೈಗೆ ಹತ್ತಲಿಲ್ಲ. ಆ ನಾದಕ್ಕಾಗಿ ಎಡಗೈ ಬೆರಳನ್ನೇ ತಂತಿಯ ಮೇಲೆ ಕಂಪಿಸುವಂತೆ ಅಲುಗಿಸತೊಡಗಿದ. ಜಗತ್ತೆಲ್ಲ ಗುರುತಿಸುವ ಅವನ ವೈಬ್ರಾಟೊ ಹುಟ್ಟಿದ್ದು ಹಾಗೆ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಸ್ನೇಹದ ಮಾತಿನಡಿಯಲ್ಲಿ ಬಿಳಿಯರು ಕರಿಯರ ಹಾಡುಗಳನ್ನು ಬಾಚಿಕೊಂಡರು, ಅದನ್ನು ಮರೆಸಲು ಇಂಥ ಪತ್ರಗಳು ನೆರವಾಗುತ್ತವೆ ಎಂದು ನಿಮ್ಮಲ್ಲೇ ಕೆಲವರು ಹೇಳಬಹುದು. ಬಾಚಿಕೊಂಡದ್ದು ನಿಜ. ಮಡ್ಡಿ ವಾಟರ್ಸ್ ಹಾಡಿದ ವಿಲ್ಲಿ ಡಿಕ್ಸನ್‌ನ ಹಾಡೊಂದರ ಸಾಲುಗಳನ್ನು ಬಿಳಿಯರ ರಾಕ್ ತಂಡ ಲೆಡ್ ಜೆಪ್ಪೆಲಿನ್ ತನ್ನ ಪ್ರಸಿದ್ಧ ಹಾಡಿನಲ್ಲಿ ಬಳಸಿತು. ಡಿಕ್ಸನ್ 1985ರಲ್ಲಿ ನ್ಯಾಯಾಲಯಕ್ಕೆ ಹೋದ ಮೇಲೆಯೇ ರಾಜಿಯಾಗಿ ಅವನ ಹೆಸರು ಸೇರಿದ್ದು. ಮೆಚ್ಚುಗೆಯನ್ನು ಸ್ನೇಹವೆಂದು ಕರೆಯಬಾರದು. ಹೆಸರು ಹೇಳುವುದು, ಪಾಲು ಕೊಡುವುದು, ಎದುರಿಗೆ ಕೂತು ಸಮಯ ಕೊಡುವುದು, ಇವಿಲ್ಲದಿದ್ದರೆ ಆ ಮಾತಿಗೆ ಅರ್ಥವಿಲ್ಲ. ಹಾಗೆ ಕೊಟ್ಟ ಬಿಳಿಯರೂ ಇದ್ದಾರೆ. 1964ರಲ್ಲಿ ಸನ್ ಹೌಸ್ ರಾಚೆಸ್ಟರ್ ನಗರದಲ್ಲಿ ಪತ್ತೆಯಾದಾಗ ಅವನು ಗಿಟಾರ್ ಬಿಟ್ಟು ವರ್ಷಗಳೇ ಆಗಿದ್ದವು, ತನ್ನ ಹಾಡುಗಳೇ ಮರೆತಿದ್ದವು. ಅವನ ಹಳೆಯ ರೆಕಾರ್ಡುಗಳನ್ನು ಸ್ವರ ಸ್ವರವಾಗಿ ಕಲಿತಿದ್ದ ಆಲನ್ ವಿಲ್ಸನ್ ಎಂಬ 21ರ ತರುಣ ಎದುರಿಗೆ ಕೂತು, ನೀವು 1930ರಲ್ಲಿ ಹೀಗೆ ನುಡಿಸಿದ್ದಿರಿ, 1942ರಲ್ಲಿ ಹೀಗೆ ನುಡಿಸಿದ್ದಿರಿ ಎಂದು ತೋರಿಸಿ ತೋರಿಸಿ ಅವನ ಕೈಗೆ ಅವನದನ್ನೇ ಮರಳಿಸಿದ. ರೆಕಾರ್ಡಿಗೂ ಸ್ನೇಹಕ್ಕೂ ಜಗಳವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ. ಫ್ರೆಡ್ ಮೆಕ್‌ಡೊವೆಲ್ ಸ್ಲೈಡ್ ಹೇಳಿಕೊಟ್ಟ ಬಾನಿ ರೇಟ್, 1993ರಲ್ಲಿ ಅವನ ಸಮಾಧಿಗೆ ಹೊಸ ಕಲ್ಲು ಹಾಕಿಸಿದಳು. ಹಳೆಯ ಕಲ್ಲಿನಲ್ಲಿ ಅವನ ಹೆಸರೇ ತಪ್ಪಾಗಿತ್ತು.

ಆದ್ದರಿಂದ ನಿಮ್ಮಲ್ಲಿ ಎರಡು ಕೋರಿಕೆ. ಮುಂದೆ ಎಲ್ಲಾದರೂ ವೇದಿಕೆಯ ಮೇಲೆ ಜಾನ್ಸನ್‌ನ ಹಾಡು ನುಡಿಸುವ ಮುನ್ನ ನಾಲ್ಕು ಮಾತಾಡಬೇಕಾಗಿ ಬಂದರೆ ಸೈತಾನನನ್ನು ಬಿಟ್ಟು ಐಕ್ ಜಿಮ್ಮರ್‌ಮನ್‌ನ ಹೆಸರು ಹೇಳಿ. ರೀಡ್‌ನ ಶಫಲ್ ನುಡಿಸಿದರೆ ಎಡ್ಡಿ ಟೇಲರ್‌ನ ಹೆಸರು ಹೇಳಿ. ಇನ್ನೊಂದು, ಮೇಲೆ ಬರೆದ ಬೆಂಟೋನಿಯಾ ಟ್ಯೂನಿಂಗನ್ನು ಈ ವಾರ ಒಬ್ಬರೇ ಕೂತು ಪ್ರಯತ್ನಿಸಬೇಡಿ, ನಿಮ್ಮೂರಿನ ಇನ್ನೊಬ್ಬ ಗಿಟಾರಿಗರನ್ನು ಕರೆದುಕೊಳ್ಳಿ. ಏರಿಸಿದರೆ ತಂತಿ ಕಡಿದೀತು ಎನ್ನಿಸಿದರೆ ಡಿ-ಮೈನರಿಗೆ ಇಳಿಸಿಕೊಳ್ಳಬಹುದು: ಕೆಳಗಿನಿಂದ ಡಿ-ಎ-ಡಿ-ಎಫ್-ಎ-ಡಿ. ಒಬ್ಬರು ಹಾಡಲಿ, ಒಬ್ಬರು ಹೆಬ್ಬೆರಳಲ್ಲಿ ದಪ್ಪ ತಂತಿಗಳನ್ನು ಹಿಡಿದಿರಲಿ, ಅರ್ಧ ಗಂಟೆಯ ನಂತರ ಜಾಗ ಬದಲಿಸಿಕೊಳ್ಳಿ.

ವಿಶ್ವಾಸದಿಂದ,
ಬ್ಲೂಸ್ ಕೇಳುವವರಲ್ಲಿ ಒಬ್ಬ